ಬಾಯಿಯ ದುರ್ವಾಸನೆ: ಹೊಟ್ಟೆಯ ದೋಷವೋ, ವಸಡಿನ ರೋಗವೋ?

ಪ್ರಶ್ನೆ ಕೇಳಿದವರು, ದಾವಣಗೆರೆ ವಿದ್ಯಾನಗರ:

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಅಣ್ಣನ ವಿಚಾರದಲ್ಲಿ ತಮ್ಮೆಲ್ಲರ ಸಲಹೆ ಬೇಕಾಗಿದೆ. ಅವರಿಗೆ ಐವತ್ತು ದಾಟಿದೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಂದಿಗೆ ಮಾತನಾಡುವ ಕೆಲಸ. ಕೆಲವು ವರ್ಷಗಳಿಂದ ಅವರ ಬಾಯಿಯಿಂದ ದುರ್ವಾಸನೆ ಬರುತ್ತಿದ್ದು, ಈಚೆಗೆ ಅದು ಎದುರಿಗೆ ಕುಳಿತವರು ಮುಖ ತಿರುಗಿಸುವಷ್ಟು ಹೆಚ್ಚಾಗಿದೆ. ಮನೆಯಲ್ಲಿ ಎಲ್ಲರೂ ಇದನ್ನು ಹೊಟ್ಟೆಯ ಉಷ್ಣವೆಂದೇ ನಂಬಿದ್ದರಿಂದ ಮಜ್ಜಿಗೆ, ಜೀರಿಗೆ ಕಷಾಯ, ರಾತ್ರಿ ತ್ರಿಫಲಾ ಚೂರ್ಣ, ಅದಾದ ಮೇಲೆ ಗ್ಯಾಸ್ಟ್ರಿಕ್ ಮಾತ್ರೆ, ಹೀಗೆ ಒಂದಾದ ಮೇಲೊಂದು ಉಪಚಾರ ನಡೆದಿದೆ. ಯಾವುದರಿಂದಲೂ ಗುಣ ಕಾಣಲಿಲ್ಲ. ಹಲ್ಲುಜ್ಜುವಾಗ ಅವರಿಗೆ ವಸಡಿನಲ್ಲಿ ರಕ್ತ ಬರುತ್ತದೆ, ಕೆಳಗಿನ ಮುಂಭಾಗದ ಹಲ್ಲುಗಳ ಬುಡ ಮೊದಲಿಗಿಂತ ಉದ್ದವಾಗಿ ಕಾಣುತ್ತದೆ ಎಂದು ಅತ್ತಿಗೆ ಹೇಳುತ್ತಾರೆ. ಹಲ್ಲು ಕ್ಲೀನ್ ಮಾಡಿಸೋಣವೆಂದರೆ, ಹಾಗೆ ಮಾಡಿಸಿದವರ ಹಲ್ಲು ಸಡಿಲವಾಗಿ ಬಿದ್ದು ಹೋಗುತ್ತವೆ ಎಂದು ಅಣ್ಣ ಒಪ್ಪುತ್ತಿಲ್ಲ. ವಾಸನೆಯ ಮೂಲ ನಿಜವಾಗಿ ಎಲ್ಲಿದೆ, ಮತ್ತು ಈ ರಕ್ತಕ್ಕೂ ವಾಸನೆಗೂ ಸಂಬಂಧವಿದೆಯೇ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ದಂತವೈದ್ಯೆ, ಚಿತ್ರದುರ್ಗ:

ಸರ್, ತಾವು ಕೊನೆಯಲ್ಲಿ ಬರೆದಿರುವ ರಕ್ತದ ವಿಷಯವನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ತಮ್ಮ ಅಣ್ಣನವರ ತೊಂದರೆಯ ಬೇರು ಬಹುಮಟ್ಟಿಗೆ ಅಲ್ಲಿಯೇ ಇರುವಂತೆ ತೋರುತ್ತದೆ. ಆರೋಗ್ಯವಂತ ವಸಡಿನಿಂದ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಬರುವುದಿಲ್ಲ. ಅಂಗೈ ತೊಳೆದುಕೊಳ್ಳುವಾಗ ಪ್ರತಿದಿನ ರಕ್ತ ಬಂದರೆ ನಾವು ಯಾರೂ ಸುಮ್ಮನಿರುವುದಿಲ್ಲ. ಬಾಯಿಯ ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಸುಮ್ಮನಿರುತ್ತೇವೆ.

ನಿರಂತರವಾದ ದುರ್ವಾಸನೆ ಇರುವವರಲ್ಲಿ ಸುಮಾರು ಶೇಕಡಾ 80ರಿಂದ 90ರಷ್ಟು ಜನರಿಗೆ ಅದರ ಮೂಲ ಬಾಯಿಯೊಳಗೇ ಇರುತ್ತದೆ. ಅನ್ನನಾಳವು ನಾವು ನುಂಗುವಾಗ ಹಾಗೂ ತೇಗುವಾಗ ಬಿಟ್ಟು ಉಳಿದ ಹೊತ್ತು ಮುಚ್ಚಿಕೊಂಡೇ ಇರುವುದರಿಂದ, ಹೊಟ್ಟೆಯ ವಾಸನೆ ಇಡೀ ದಿನ ಬಾಯಿಗೆ ಬರುವುದು ಅಪರೂಪ. ಬಾಯಿಯಲ್ಲಿ ಈ ವಾಸನೆಯನ್ನು ಹುಟ್ಟಿಸುವುದು ಆಮ್ಲಜನಕವಿಲ್ಲದ ಸಂದುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು. ಅವು ಆಹಾರದ ಚೂರು, ಉದುರಿದ ಜೀವಕೋಶ, ರಕ್ತ ಇವುಗಳಲ್ಲಿರುವ ಪ್ರೋಟೀನನ್ನು ಒಡೆದಾಗ ಗಂಧಕದ ಅಂಶವಿರುವ ಅನಿಲಗಳು ಹೊರಬರುತ್ತವೆ. ಅವುಗಳಲ್ಲಿ ಮುಖ್ಯವಾದವು ಎರಡು: ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮತ್ತು ಅದಕ್ಕಿಂತಲೂ ಅಸಹ್ಯವಾದ ಮೀಥೈಲ್ ಮರ್ಕ್ಯಾಪ್ಟನ್. ನಾಲಿಗೆಯ ಹಿಂಭಾಗದಲ್ಲಿ ಕೂರುವ ಬಿಳಿ ಲೇಪದಿಂದ ಮೊದಲನೆಯದು ಹೆಚ್ಚಾಗಿ ಬರುತ್ತದೆ. ವಸಡಿನ ರೋಗ ಇರುವವರಲ್ಲಿ ಎರಡನೆಯದರ ಪಾಲು ಏರುತ್ತದೆ.

ವಸಡಿನ ರೋಗ ಹೇಗೆ ಬೆಳೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಲ್ಲಿನ ಮೇಲೆ ಸದಾ ಒಂದು ಅಂಟು ಪದರ ಕೂರುತ್ತಿರುತ್ತದೆ. ಅದನ್ನು ನಾವು ಪಾಚಿ ಎನ್ನುತ್ತೇವೆ. ಮೆತ್ತಗಿರುವಾಗ ಅದು ಬ್ರಷ್‌ನಿಂದ ಹೋಗುತ್ತದೆ. ಹಾಗೆಯೇ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಯಾವ ಬ್ರಷ್‌ಗೂ ಜಗ್ಗುವುದಿಲ್ಲ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳ ವಿರುದ್ಧ ದೇಹ ಹೋರಾಡುವಾಗ ವಸಡು ಕೆಂಪಾಗಿ ಊದಿಕೊಳ್ಳುತ್ತದೆ ಮತ್ತು ರಕ್ತ ಸುಲಭವಾಗಿ ಬರುತ್ತದೆ. 1965ರಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ಡೆನ್ಮಾರ್ಕ್‌ನಲ್ಲಿ ಆರೋಗ್ಯವಂತರಿಂದ ಹಲ್ಲುಜ್ಜುವುದನ್ನು ಬಿಡಿಸಿ ನೋಡಿದಾಗ, ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರಿಗೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಉಜ್ಜುವುದನ್ನು ಮತ್ತೆ ಆರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಈ ಹಂತದಲ್ಲಿ ಎಚ್ಚೆತ್ತವರಿಗೆ ಏನೂ ನಷ್ಟವಿಲ್ಲ.

ಎಚ್ಚರಗೊಳ್ಳದಿದ್ದವರಲ್ಲಿ, ಎಲ್ಲರಲ್ಲಿ ಅಲ್ಲದಿದ್ದರೂ ಹಲವರಲ್ಲಿ, ಉರಿಯೂತವು ಒಳಗಿಳಿದು ಹಲ್ಲನ್ನು ಹಿಡಿದಿರುವ ದವಡೆಯ ಮೂಳೆಯನ್ನೇ ಕರಗಿಸತೊಡಗುತ್ತದೆ. ಹಿರಿಯರು ಪಯೋರಿಯಾ ಎನ್ನುತ್ತಿದ್ದುದು ಇದನ್ನೇ. ಹಲ್ಲಿಗೂ ವಸಡಿಗೂ ನಡುವೆ ಇರುವ ಸಂದು ಆರೋಗ್ಯವಂತರಲ್ಲಿ 1ರಿಂದ 3 ಮಿಲಿಮೀಟರ್ ಆಳವಿರುತ್ತದೆ. ರೋಗವಾದಾಗ ಅದು 4, 6, ಕೆಲವೊಮ್ಮೆ 8 ಮಿಲಿಮೀಟರ್ ಆಳದ ಜೇಬಿನಂತಾಗುತ್ತದೆ. ಗಾಳಿಯಾಡದ ಆ ಜೇಬಿನಲ್ಲಿ ರಕ್ತ ಮತ್ತು ಕೀವು ಸದಾ ಇರುವುದರಿಂದ ವಾಸನೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಹಾರವೂ ಆಶ್ರಯವೂ ಒಟ್ಟಿಗೆ ಸಿಗುತ್ತವೆ. ಬ್ರಷ್ಷಾಗಲಿ, ಬಾಯಿ ಮುಕ್ಕಳಿಸುವ ದ್ರವವಾಗಲಿ, ಕಷಾಯವಾಗಲಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಇಷ್ಟೆಲ್ಲ ಆದರೂ ನೋವಿರುವುದಿಲ್ಲ ಎಂಬುದೇ ಈ ರೋಗದ ದೊಡ್ಡ ಅಪಾಯ. ಹಲ್ಲಿನ ಬುಡ ಉದ್ದವಾಗಿ ಕಾಣುತ್ತದೆ ಎಂದು ತಮ್ಮ ಅತ್ತಿಗೆಯವರು ಗಮನಿಸಿರುವುದು ವಸಡು ಕೆಳಗೆ ಸರಿದಿರುವುದರ ಲಕ್ಷಣವಾಗಿರಬಹುದು. ಅವರ ಮಾತಿಗೆ ಬೆಲೆ ಕೊಡಿ.

ಇನ್ನು ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಎಂಬ ಭಯ. ಇದು ನಮ್ಮ ಎರಡೂ ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು, ಮತ್ತು ಎಷ್ಟೋ ಹಲ್ಲುಗಳು ಈ ಮಾತಿನಿಂದಲೇ ಹೋಗಿವೆ. ಮೂಳೆ ಕರಗಿದ ಮೇಲೂ ಹಲ್ಲುಗಳ ನಡುವೆ ತುಂಬಿಕೊಂಡ ಗಟ್ಟಿ ಪಾಚಿ ಅವುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ, ಮೊದಲೇ ಆಗಿದ್ದ ಸಡಿಲತೆ ಬೆಳಕಿಗೆ ಬರುತ್ತದೆ. ಊತ ಇಳಿದ ಮೇಲೆ ಸಂದುಗಳು ಕಾಣಿಸುತ್ತವೆ, ಕೆಲವು ದಿನ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಚಿಕಿತ್ಸೆಯ ನಂತರ ವಸಡು ಬಿಗಿಯಾಗಿ, ಸ್ವಲ್ಪ ಅಲುಗಾಡುತ್ತಿದ್ದ ಹಲ್ಲುಗಳು ಎಷ್ಟೋ ಸಲ ಗಟ್ಟಿಯಾಗುತ್ತವೆ.

ಓದುಗರು, ಹರಿಹರ:

ಡಾಕ್ಟರೇ, ಮೆಡಿಕಲ್ ಶಾಪಿನಲ್ಲಿ ಸಿಗುವ ಮೌತ್‌ವಾಶ್ ಬಳಸಿದರೆ ಸಾಲದೇ? ನಾನು ಬೆಳಿಗ್ಗೆ ಒಮ್ಮೆ ಮುಕ್ಕಳಿಸಿದರೆ ಮಧ್ಯಾಹ್ನದವರೆಗೆ ತೊಂದರೆ ಇರುವುದಿಲ್ಲ. ದಾವಣಗೆರೆಗೆ ಬಂದಾಗ ಮಂಡಕ್ಕಿ, ಮೆಣಸಿನಕಾಯಿ, ಹಸಿ ಈರುಳ್ಳಿ ತಿಂದ ದಿನವಂತೂ ಅದು ಬೇಕೇ ಬೇಕು.

ದಂತವೈದ್ಯೆ, ಚಿತ್ರದುರ್ಗ:

ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ಬೇರೆಯೇ ಬಗೆಯದು. ಬೆಳ್ಳುಳ್ಳಿಯ ಒಂದು ಗಂಧಕದ ಅಂಶ ಜೀರ್ಣವಾದ ಮೇಲೆ ರಕ್ತಕ್ಕೆ ಸೇರಿ ಉಸಿರಿನ ಮೂಲಕ ಹೊರಬರುವುದರಿಂದ, ಬಾಯಿಯನ್ನು ಎಷ್ಟು ತೊಳೆದರೂ ಅದು ಕೆಲವು ಗಂಟೆಗಳ ಕಾಲ ಉಳಿಯುತ್ತದೆ, ಬಳಿಕ ತಾನಾಗಿ ಹೋಗುತ್ತದೆ. ಅದು ರೋಗವಲ್ಲ, ಮಂಡಕ್ಕಿ ಬಿಡಬೇಕಾಗಿಲ್ಲ.

ಮೌತ್‌ವಾಶ್ ಪ್ರತಿದಿನ ಬೇಕೇ ಬೇಕು ಎನಿಸಿದರೆ ಅದನ್ನೇ ಪರೀಕ್ಷೆ ಮಾಡಿಸಿಕೊಳ್ಳಲು ಸೂಚನೆ ಎಂದು ತಿಳಿಯಿರಿ. ವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರವ ಪರಿಣಾಮಕಾರಿಯಾದರೂ ಅದನ್ನು ತಿಂಗಳುಗಟ್ಟಲೆ ಬಳಸುವಂತಿಲ್ಲ. ಹಲ್ಲು ಮತ್ತು ನಾಲಿಗೆ ಕಂದು ಬಣ್ಣಕ್ಕೆ ತಿರುಗುತ್ತವೆ, ನಾಲಿಗೆಯ ರುಚಿ ಕೆಡುತ್ತದೆ. ಸಾಮಾನ್ಯವಾಗಿ ಎರಡು ವಾರಕ್ಕೆ ಬರೆದುಕೊಡುತ್ತೇವೆ. ಟೂತ್‌ಪೇಸ್ಟ್‌ನಲ್ಲಿರುವ ನೊರೆಯ ಅಂಶ ಅದರ ಶಕ್ತಿಯನ್ನು ಕುಂದಿಸುವುದರಿಂದ ಹಲ್ಲುಜ್ಜಿದ ಅರ್ಧ ಗಂಟೆಯ ನಂತರ ಬಳಸಬೇಕು. ಲವಂಗ, ಏಲಕ್ಕಿ, ಸೋಂಪು ಇವು ವಾಸನೆಯನ್ನು ಸ್ವಲ್ಪ ಹೊತ್ತು ಮರೆಮಾಡುತ್ತವೆ ಅಷ್ಟೇ.

ಶಾಲಾ ಶಿಕ್ಷಕಿ, ಚಳ್ಳಕೆರೆ:

ಈ ಚರ್ಚೆಯಲ್ಲಿ ನಮ್ಮ ಸೀಮೆಯ ಒಂದು ವಿಷಯವನ್ನು ಸೇರಿಸಲೇಬೇಕು. ಚಳ್ಳಕೆರೆ, ಮೊಳಕಾಲ್ಮೂರು, ಅತ್ತ ಜಗಳೂರು ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿವೆ. ಅಲ್ಲಿಯ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳಿರುತ್ತವೆ. ಆ ಮಕ್ಕಳನ್ನು ಹಲ್ಲುಜ್ಜದವರು, ಬಾಯಿ ನಾರುವವರು ಎಂದು ಉಳಿದ ಮಕ್ಕಳು ಹೀಯಾಳಿಸುವುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ನಕ್ಕರೆ ಹಲ್ಲು ಕಾಣುತ್ತದೆಂದು ಬಾಯಿಗೆ ಕೈ ಅಡ್ಡ ಹಿಡಿಯುವ ಹೆಣ್ಣುಮಕ್ಕಳಿದ್ದಾರೆ. ಕೆಲವರ ಮನೆಯಲ್ಲಿ ಕಲೆ ಹೋಗಲೆಂದು ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿಸುತ್ತಾರೆ. ಈ ಕಲೆಗೂ ದುರ್ವಾಸನೆಗೂ ಸಂಬಂಧವಿದೆಯೇ ಎಂಬುದನ್ನು ಡಾಕ್ಟರ್ ಮೇಡಂ ಸ್ಪಷ್ಟಪಡಿಸಿದರೆ ನಾನು ಪೋಷಕರ ಸಭೆಯಲ್ಲಿ ಧೈರ್ಯವಾಗಿ ಹೇಳಬಲ್ಲೆ.

ದಂತವೈದ್ಯೆ, ಚಿತ್ರದುರ್ಗ:

ಮೇಡಂ, ಖಂಡಿತವಾಗಿ ಹೇಳಿ: ಯಾವ ಸಂಬಂಧವೂ ಇಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಮಾತ್ರ ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿನ ನೀರನ್ನು ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವ ಎಳವೆಯಲ್ಲಿ ಕುಡಿದರೆ ಕಲೆ ಮೂಡುತ್ತದೆ. ಅದು ಹಲ್ಲಿನ ಒಳಗಿನಿಂದಲೇ ಬಂದ ಬಣ್ಣ, ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿಯಿಂದ ಹಲ್ಲಿನ ಹೊರಪದರ ಸವೆಯುತ್ತದೆ, ವಸಡು ಗಾಯವಾಗಿ ಸರಿಯುತ್ತದೆ, ಹೀಗೆ ಇಲ್ಲದ ರೋಗವನ್ನು ಕರೆದುಕೊಂಡಂತಾಗುತ್ತದೆ. ಮಕ್ಕಳಿಗೆ ಮೆತ್ತನೆಯ ಬ್ರಷ್, ಬಟಾಣಿ ಕಾಳಿನಷ್ಟು ಪೇಸ್ಟ್, ನುಂಗದೆ ಉಗುಳುವ ಅಭ್ಯಾಸ ಸಾಕು. ಹಾಂ, ಒಂದು ಮಗುವಿನ ಒಂದೇ ಮೂಗಿನ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ, ಕಾಳು ಅಥವಾ ಮಣಿ ಮೂಗಿನಲ್ಲಿ ಸಿಕ್ಕಿಕೊಂಡಿರಬಹುದು; ಅಂಥ ಮಗುವನ್ನು ಕಿವಿ, ಮೂಗು, ಗಂಟಲು ವೈದ್ಯರಲ್ಲಿಗೆ ಕಳುಹಿಸಿ.

ಅಡಿಕೆ ಬೆಳೆಗಾರರು, ಚನ್ನಗಿರಿ:

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನನ್ನದೊಂದು ಭಿನ್ನಾಭಿಪ್ರಾಯವಿದೆ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವುದು ನಮ್ಮ ಹಿರಿಯರು ಬಾಯಿಯ ಶುದ್ಧಿಗಾಗಿಯೇ ಮಾಡಿದ ಪದ್ಧತಿ. ನಮ್ಮ ಅಜ್ಜ ಕೊನೆಯವರೆಗೂ ಹಾಕಿಕೊಂಡರು, ಹಲ್ಲು ಗಟ್ಟಿಯಾಗಿದ್ದವು. ದುರ್ವಾಸನೆಯ ಮಾತು ಬಂದಾಗಲೆಲ್ಲ ಅಡಿಕೆಯನ್ನು ದೂರುವುದು ಸರಿಯಲ್ಲ ಎಂದು ನನ್ನ ಭಾವನೆ. ತಾಲ್ಲೂಕಿನ ಸಾವಿರಾರು ಕುಟುಂಬಗಳು ಈ ಬೆಳೆಯನ್ನೇ ನಂಬಿವೆ.

ದಂತವೈದ್ಯೆ, ಚಿತ್ರದುರ್ಗ:

ಯಜಮಾನರೇ, ತಮ್ಮ ಜೀವನದ ಪ್ರಶ್ನೆ ನನಗೆ ಅರ್ಥವಾಗುತ್ತದೆ, ನಮ್ಮ ಬಂಧುಗಳಲ್ಲೂ ತೋಟದವರಿದ್ದಾರೆ. ಆದರೂ ರೋಗಿಗಳ ಬಾಯಿಯನ್ನು ನೋಡುವವಳಾಗಿ ನಾನು ಸುಮ್ಮನಿರಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಿತ್ಯ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಗಿದುಕೊಂಡು ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಆಗ ಬ್ರಷ್ ಹಿಂದಿನ ಹಲ್ಲಿಗೆ ತಲುಪುವುದೇ ಕಷ್ಟ, ಶುಚಿಯೂ ಕೆಡುತ್ತದೆ. ಸುಣ್ಣ ಮತ್ತು ಅಡಿಕೆಯ ಚೂರು ವಸಡಿನ ಸಂದಿನಲ್ಲಿ ನಿಂತು ಪಾಚಿಗೆ ನೆಲೆಯಾಗುತ್ತವೆ.

ಬೀಡಿ, ಸಿಗರೇಟಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ಧೂಮಪಾನ ವಸಡಿನ ರಕ್ತಸ್ರಾವವನ್ನು ತಗ್ಗಿಸುವುದರಿಂದ, ಒಳಗೆ ಮೂಳೆ ಕರಗುತ್ತಿದ್ದರೂ ಸೇದುವವರಿಗೆ ರಕ್ತದ ಎಚ್ಚರಿಕೆ ಸಿಗುವುದಿಲ್ಲ. ಸೇದುವುದನ್ನು ಬಿಟ್ಟವರು ರಕ್ತ ಬರಲಾರಂಭಿಸಿತೆಂದು ಹೆದರಿ ಮತ್ತೆ ಸೇದಲು ಹೋದ ಉದಾಹರಣೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ತಡಮಾಡದೆ ತೋರಿಸಬೇಕು.

ನಿವೃತ್ತ ನೌಕರರು, ಹೊಸದುರ್ಗ:

ನನಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಶುಗರ್ ಹತೋಟಿಗೆ ಬರುತ್ತಿರಲಿಲ್ಲ. ನಮ್ಮ ವೈದ್ಯರು ಒಮ್ಮೆ ಬಾಯಿ ತೆರೆಸಿ ನೋಡಿ, ಮೊದಲು ವಸಡಿಗೆ ಚಿಕಿತ್ಸೆ ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸಿದರು. ಚಿಕಿತ್ಸೆಯ ನಂತರ ಬಾಯಿಯ ವಾಸನೆ ಹೋಯಿತು. ಕೆಲವು ತಿಂಗಳ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಶುಗರ್ ಸಹ ಸ್ವಲ್ಪ ಇಳಿದಿತ್ತು. ಇದು ಕಾಕತಾಳೀಯವೋ, ನಿಜವಾದ ಸಂಬಂಧವೋ ತಿಳಿಯಬೇಕೆಂಬ ಆಸೆ. ಪ್ರಶ್ನೆ ಕೇಳಿದ ತಮ್ಮನವರು ಅಣ್ಣನ ಶುಗರ್ ಪರೀಕ್ಷೆ ಮಾಡಿಸಿದ್ದಾರೆಯೇ?

ದಂತವೈದ್ಯೆ, ಚಿತ್ರದುರ್ಗ:

ನಿಜವಾದ ಸಂಬಂಧವೇ ಇದೆ, ಹಿರಿಯರೇ, ಮತ್ತು ಅದು ಎರಡೂ ದಿಕ್ಕಿನಲ್ಲಿದೆ. ಶುಗರ್ ಹತೋಟಿಯಲ್ಲಿಲ್ಲದವರಿಗೆ ವಸಡಿನ ರೋಗ ಬೇಗ ಬರುತ್ತದೆ, ಜೋರಾಗಿ ಬೆಳೆಯುತ್ತದೆ. ವಸಡಿನಲ್ಲಿ ಸದಾ ಇರುವ ಉರಿಯೂತವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡಿ ಶುಗರ್ ಏರಿಸುತ್ತದೆ. ವಸಡಿನ ಚಿಕಿತ್ಸೆಯಾದ ಮೂರು, ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ಕಳೆದ ಎರಡು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಪ್ರಮಾಣ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಮಾತ್ರೆಗೆ ಬದಲಾಗಿ ಅಲ್ಲ, ಮಾತ್ರೆಯ ಜೊತೆಗೆ ಸಿಗುವ ಲಾಭವಿದು.

ಶುಗರ್ ಇರುವವರ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬಂದು, ಜೊತೆಗೆ ವಾಂತಿ, ಅತಿಯಾದ ಬಾಯಾರಿಕೆ, ಏದುಸಿರು ಇದ್ದರೆ ದಂತವೈದ್ಯರನ್ನು ಹುಡುಕಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೂತ್ರಪಿಂಡ ಕೆಟ್ಟವರ ಬಾಯಿಯಲ್ಲಿ ಅಮೋನಿಯದ ವಾಸನೆ ಬರುವುದೂ ಉಂಟು. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಗಳಿಂದ ಕೆಲವರ ವಸಡು ದಪ್ಪವಾಗಿ ಬೆಳೆದು ಹಲ್ಲನ್ನು ಮುಚ್ಚಿ ಪಾಚಿ ನಿಲ್ಲುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು. ಜ್ವರದೊಂದಿಗೆ ಇದ್ದಕ್ಕಿದ್ದಂತೆ ವಸಡಿನಲ್ಲಿ ರಕ್ತ ಬಂದರೆ ಡೆಂಗಿಯ ಅನುಮಾನವಿಟ್ಟುಕೊಂಡು ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು, ದಾವಣಗೆರೆ ವಿದ್ಯಾನಗರ:

ಎಲ್ಲರಿಗೂ ಧನ್ಯವಾದಗಳು. ಈ ಚರ್ಚೆಯನ್ನು ಅಣ್ಣನಿಗೆ ಓದಿ ಹೇಳಿದೆ. ಪಾಚಿಯೇ ಹಲ್ಲನ್ನು ಹಿಡಿದಿರುತ್ತದೆ ಎಂಬ ಮಾತನ್ನು ಎರಡು ಸಲ ಓದಿಸಿದರು, ಕೊನೆಗೆ ತೋರಿಸಿಕೊಳ್ಳಲು ಒಪ್ಪಿದ್ದಾರೆ. ಶುಗರ್ ಪರೀಕ್ಷೆ ಇದುವರೆಗೆ ಮಾಡಿಸಿಲ್ಲ, ಈ ವಾರವೇ ಮಾಡಿಸುತ್ತೇವೆ. ಹೃದಯದ ತೊಂದರೆಗಾಗಿ ಅವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆಂಬುದನ್ನು ಮೊದಲು ಬರೆದಿರಲಿಲ್ಲ. ಖರ್ಚು ಹೆಚ್ಚಾಗದಂತೆ ಎಲ್ಲಿ ತೋರಿಸಬಹುದು, ಅಲ್ಲಿ ಏನೇನು ಮಾಡುತ್ತಾರೆ ಎಂದು ತಿಳಿಸಿದರೆ ಅವರ ಭಯ ಕಡಿಮೆಯಾಗುತ್ತದೆ.

ಓದುಗರು, ದಾವಣಗೆರೆ ನಿಟ್ಟುವಳ್ಳಿ:

ಅಣ್ಣನವರೇ, ನಮ್ಮ ಊರಿನಲ್ಲೇ ಎರಡು ದಂತವೈದ್ಯಕೀಯ ಕಾಲೇಜುಗಳಿವೆ. ಬಾಪೂಜಿ ದಂತ ಕಾಲೇಜು 1979ರಿಂದಲೂ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ 1991ರಿಂದಲೂ ನಡೆಯುತ್ತಿವೆ. ದುರ್ಗದವರಿಗೆ ಅಲ್ಲಿಯೇ ಎಸ್.ಜೆ.ಎಂ. ದಂತ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ವಸಡಿನ ರೋಗಕ್ಕೇ ಪ್ರತ್ಯೇಕ ವಿಭಾಗವಿರುತ್ತದೆ, ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಸಾಮಾನ್ಯವಾಗಿ ಕಡಿಮೆ. ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಅಂಗಡಿಗೆ ರಜೆ ಹಾಕಿಯೇ ಹೋಗಬೇಕು.

ದಂತವೈದ್ಯೆ, ಚಿತ್ರದುರ್ಗ:

ಮೊದಲ ಭೇಟಿಯಲ್ಲಿ ತೆಳ್ಳನೆಯ ಅಳತೆಗೋಲಿನಿಂದ ಪ್ರತಿ ಹಲ್ಲಿನ ಸುತ್ತ ಸಂದಿನ ಆಳವನ್ನು ಅಳೆದು ಬರೆದುಕೊಳ್ಳುತ್ತಾರೆ, ಮೂಳೆ ಎಷ್ಟು ಉಳಿದಿದೆಯೆಂದು ತಿಳಿಯಲು ಎಕ್ಸ್-ರೇ ತೆಗೆಯುತ್ತಾರೆ. ನಂತರ ಕಂಪನದ ಯಂತ್ರದಿಂದ ಗಟ್ಟಿ ಪಾಚಿಯನ್ನು ಬಿಡಿಸುತ್ತಾರೆ. ಜೇಬುಗಳು ಆಳವಾಗಿದ್ದರೆ ಆ ಭಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಬೇರಿನ ಮೇಲಿನ ಪಾಚಿಯನ್ನೂ ತೆಗೆಯುತ್ತಾರೆ. ಇದು ಒಂದಕ್ಕಿಂತ ಹೆಚ್ಚು ಭೇಟಿಗಳಲ್ಲಿ ಮುಗಿಯಬಹುದು. ಒಂದೂವರೆ, ಎರಡು ತಿಂಗಳ ನಂತರ ಮತ್ತೆ ಅಳೆದು, ಆಳ ಕಡಿಮೆಯಾಗದ ಕಡೆಗಳಲ್ಲಿ ಮಾತ್ರ ಚಿಕ್ಕ ಶಸ್ತ್ರಚಿಕಿತ್ಸೆಯ ಯೋಚನೆ ಮಾಡುತ್ತಾರೆ. ಕರಗಿದ ಮೂಳೆ ಬಹುಪಾಲು ಮರಳಿ ಬರುವುದಿಲ್ಲ ಎಂಬುದನ್ನು ಅಣ್ಣನವರಿಗೆ ಮೊದಲೇ ಹೇಳಿ. ಉಳಿದಿರುವುದನ್ನು ಕಾಪಾಡುವುದೇ ಚಿಕಿತ್ಸೆಯ ಉದ್ದೇಶ. ಆದ್ದರಿಂದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಮನೆಯಲ್ಲಿ ಇಂದಿನಿಂದಲೇ ಆಗಬೇಕಾದದ್ದೂ ಇದೆ. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಗೆ ಅಲುಗಾಡಿಸುತ್ತ ಬೆಳಿಗ್ಗೆ ಹಾಗೂ ರಾತ್ರಿ ಎರಡೆರಡು ನಿಮಿಷ ಉಜ್ಜಲಿ; ರಕ್ತ ಬರುತ್ತದೆಂದು ಆ ಜಾಗವನ್ನು ಬಿಡಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬ್ಯಾಕ್ಟೀರಿಯಾ ಹೆಚ್ಚುವುದರಿಂದ ರಾತ್ರಿಯದು ಬೆಳಗಿನದಕ್ಕಿಂತ ಮುಖ್ಯ. ಹಲ್ಲುಗಳ ನಡುವೆ ಅಗಲವಾದ ಸಂದಿರುವವರಿಗೆ ದಾರಕ್ಕಿಂತ ಸಂದಿನ ಸಣ್ಣ ಬ್ರಷ್ ಹೆಚ್ಚು ಅನುಕೂಲ. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೃದುವಾಗಿ ಹೆರೆಯಲಿ. ಅಂಗಡಿಯಲ್ಲಿ ಮಾತನಾಡುತ್ತ ಬಾಯಿ ಒಣಗುವುದರಿಂದ ಆಗಾಗ ನೀರು ಕುಡಿಯಲಿ.

ರಕ್ತ ತೆಳುವಾಗುವ ಮಾತ್ರೆಯನ್ನು ಹಲ್ಲಿನ ಚಿಕಿತ್ಸೆಗೆಂದು ಅವರಾಗಿ ನಿಲ್ಲಿಸಬಾರದು, ಅದರಿಂದ ಹೃದಯಕ್ಕೆ ಅಪಾಯವಾದೀತು. ಮಾತ್ರೆಯ ಚೀಟಿ, ಹೃದಯ ವೈದ್ಯರ ಹಳೆಯ ವರದಿ, ಹೊಸ ಶುಗರ್ ವರದಿ ಮೂರನ್ನೂ ಜೊತೆಗೆ ಒಯ್ದು, ಕುರ್ಚಿಯಲ್ಲಿ ಕೂರುವ ಮೊದಲೇ ಅಲ್ಲಿಯ ವೈದ್ಯರ ಕೈಗೆ ಕೊಡಿ. ಅವರು ಹೃದಯ ವೈದ್ಯರೊಂದಿಗೆ ಮಾತನಾಡಿ ಹೇಗೆ ಮುಂದುವರಿಯಬೇಕೆಂದು ತೀರ್ಮಾನಿಸುತ್ತಾರೆ.